ನಮ್ಮವ ನಿಮ್ಮ ಮನಿಗೆ, ನಿಮ್ಮವ ನಮ್ಮ ಮನಿಗೆ

ಚಂದಾಪುರದ ಹುಡುಗ ಎಂ.ಎ. ಓದಲು ಕಲಬುರಗಿಗೆ ಹೊರಟರೆ ಅಪ್ಪನಿಗೆ ಫೀಸಿಗಿಂತ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲೇ ಭಾರ. ಹಿಂದೆ ವಾರಾನ್ನವಿತ್ತು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೊಟ್ಟೆ ತುಂಬುತ್ತಿತ್ತು, ಹಂಗು ಉಳಿಯುತ್ತಿತ್ತು. ನಮ್ಮ ಹುಡುಗ ಅವರ ಮನೆಯಲ್ಲಿ, ಅವರ ಹುಡುಗ ನಮ್ಮ ಮನೆಯಲ್ಲಿ ಇದ್ದು ಓದುವ ಮನೆ ಅದಲುಬದಲಿನಲ್ಲಿ ಆ ಹಂಗಿಲ್ಲ ನೋಡ್ರಿ.

ನಮ್ಮೂರಿಗೆ ಯಾರು ಓದಲು ಬರ್ತಾರೆ ಅಂದಿರಾ? ಕೃಷಿ ಪದವಿಯವರಿಗೆ ಕೊನೆಯ ವರ್ಷ ಹಳ್ಳಿಯಲ್ಲೇ ಇದ್ದು ರೈತರ ಜೊತೆ ಕಲಿಯುವ ಅವಧಿಯಿದೆ. ಅಂಥವರ ಮನೆ ಕಲಬುರಗಿಯಲ್ಲಿದ್ದರೆ ಮಾತಾಡಿ, ನಿಮ್ಮ ಪಡಸಾಲೆಯಲ್ಲಿ ಹಾಸಿಗೆ ಬಿಟ್ಟುಕೊಡಿ. ಅವರು ಇಲ್ಲಿರುವುದು ಕೆಲವೇ ತಿಂಗಳು, ನಿಮ್ಮವ ಅಲ್ಲಿ ಎರಡು ವರ್ಷ. ಉಳಿದ ಲೆಕ್ಕವನ್ನು ಜೋಳ, ತೊಗರಿಬೇಳೆಯಲ್ಲಿ ಸರಿದೂಗಿಸಿ.

ಮನೆ ಒಪ್ಪುವ ಮೊದಲು ದಾರಿ ನೋಡಿ. 1980ರ ಗುಲಬರ್ಗಾ ವಿಶ್ವವಿದ್ಯಾಲಯ ಇರುವುದು ಸೇಡಂ ರಸ್ತೆಯಲ್ಲಿ. 2009ರ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿ. ಸೇಡಂ ರಸ್ತೆಯ ಮನೆ ಹಿಡಿದು ಕಡಗಂಚಿಗೆ ಓಡಾಡಿದರೆ ಓದಿನ ಹೊತ್ತೆಲ್ಲ ಬಸ್ಸಿನಲ್ಲೇ ಹೋದೀತು. ಹೆಣ್ಣುಮಕ್ಕಳಿಗಾದರೆ 2023ರಿಂದ ಸರ್ಕಾರಿ ಬಸ್ಸಿನ ಟಿಕೆಟಿನ ಚಿಂತೆಯಿಲ್ಲ. ಹುಡುಗರು ಪಾಸು ಮಾಡಿಸಿಕೊಳ್ಳಲಿ.

ಇನ್ನೊಂದು ಮಾತು. ರಾತ್ರಿ ಎಷ್ಟಕ್ಕೆ ಮನೆ ಸೇರಬೇಕು, ಬಟ್ಟೆ ಯಾರು ಒಗೆಯಬೇಕು ಅನ್ನುವುದನ್ನು ಮೊದಲ ದಿನವೇ ಆ ಮನೆಯ ಅವ್ವನ ಬಾಯಿಂದ ಕೇಳಿಬಿಡಿ, ಕಾಕಾನಿಂದಲ್ಲ.