ಶಿಖರ ಮುಟ್ಟದವರ ಲೆಕ್ಕ

ಮಕ್ಕಳೇ,

ಕಾಲೇಜಿನ ಪರ್ವತಾರೋಹಣ ಸಂಘಕ್ಕೆ ಹೆಸರು ಕೊಟ್ಟಿದ್ದೀರಂತೆ, ಸಂತೋಷ. ಏರಬೇಕಾದ ಶಿಖರಗಳ ಪಟ್ಟಿಯೂ ಆಗಲೇ ಸಿದ್ಧವಾಗಿರುತ್ತದೆ. ಆ ಪಟ್ಟಿ ಹಿಡಿದು ಹೊರಡುವ ಮುನ್ನ, 1924ರಲ್ಲಿ ಶುರುವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಪರ್ವತಾರೋಹಣ ಸಂಘದ ಮಾತು ಸ್ವಲ್ಪ ಕೇಳಿ.

1936ರಲ್ಲಿ ಅಲ್ಲಿನ ನಾಲ್ವರು ಹುಡುಗರು ನಾಲ್ವರು ಬ್ರಿಟಿಷರನ್ನು ಕೂಡಿಕೊಂಡು ನಮ್ಮ ನಂದಾದೇವಿಗೆ ಬಂದರು. ತುದಿಗೆ ಹೋಗಬೇಕಿದ್ದ ಇಬ್ಬರಲ್ಲಿ ಹಾರ್ವರ್ಡ್ ಸಂಘದ ಚಾರ್ಲ್ಸ್ ಹ್ಯೂಸ್ಟನ್ ಒಬ್ಬ. ಕೊನೆಯ ಶಿಬಿರದಲ್ಲಿ ಕೆಟ್ಟುಹೋದ ಡಬ್ಬಿ ಮಾಂಸ ತಿಂದು ಹಾಸಿಗೆ ಹಿಡಿದ. ಹಟ ಹಿಡಿದು ಅಲ್ಲೇ ಕೂರಲಿಲ್ಲ. ಕೆಳಗಿಳಿದು ತಂಡದ ಬ್ರಿಟಿಷರಲ್ಲೊಬ್ಬನಾದ ಟಿಲ್ಮನ್‌ಗೆ ಜಾಗ ಬಿಟ್ಟುಕೊಟ್ಟ. ಆಗಸ್ಟ್ 29ರಂದು ಟಿಲ್ಮನ್ ಮತ್ತು ಇನ್ನೊಬ್ಬ ಬ್ರಿಟಿಷ್ ಆರೋಹಿ ಓಡೆಲ್ 7,816 ಮೀಟರ್ ಎತ್ತರದ ತುದಿಯಲ್ಲಿ ನಿಂತರು. ಮನುಷ್ಯ ಅಲ್ಲಿಯವರೆಗೆ ಏರಿದ್ದ ಶಿಖರಗಳಲ್ಲೆಲ್ಲ ಅದೇ ಎತ್ತರದ್ದು. ಆದರೂ ಊರಿಗೆ ಹೋದ ತಂತಿಯಲ್ಲಿ ಇಬ್ಬರು ತುದಿ ಮುಟ್ಟಿದರು ಎಂದಷ್ಟೇ ಇತ್ತು, ಹೆಸರಿರಲಿಲ್ಲ. ಅದೇ ತಂಡದ ಆರ್ಥರ್ ಎಮನ್ಸ್ ಹಿಂದೊಮ್ಮೆ ಚೀನಾದ ಮಿನ್ಯಾ ಕೊಂಕಾದಲ್ಲಿ ಹಿಮಕ್ಕೆ ಕಾಲ್ಬೆರಳು ಕಳೆದುಕೊಂಡವನು. ಏರುವುದಕ್ಕೆ ಆಗದಿದ್ದರೇನು, ಕೆಳಗಿನ ಶಿಬಿರದ ಹೊಣೆ ಹೊತ್ತ. ಶೆರ್ಪಾ ಕಿತಾರ್ ಆಮಶಂಕೆಯಿಂದ ಅಲ್ಲೇ ತೀರಿಕೊಂಡ. ಆ ಗೆಲುವಿನ ಲೆಕ್ಕ ಬರೆಯುವಾಗ ಇವರನ್ನೂ ಬರೆಯಬೇಕು.

1953ರಲ್ಲಿ ಹ್ಯೂಸ್ಟನ್, ಅದೇ ಸಂಘದ ಬಾಬ್ ಬೇಟ್ಸ್ ಕೆ2 ಪರ್ವತಕ್ಕೆ ತಂಡ ಕಟ್ಟಿದರು. ಬಿರುಗಾಳಿಯ ನಡುವೆ ತಂಡದ ಆರ್ಟ್ ಗಿಲ್ಕಿಯ ಕಾಲಿನ ರಕ್ತ ಹೆಪ್ಪುಗಟ್ಟಿತು. ಆ ಇಳಿಜಾರಿನಲ್ಲಿ ಒಬ್ಬನನ್ನು ಹೊತ್ತು ಇಳಿಸುವುದು ಆಗದ ಹೋಗದ ಮಾತೆಂದು ಗೊತ್ತಿದ್ದೂ ಎಲ್ಲರೂ ಶಿಖರದ ಆಸೆ ಬಿಟ್ಟು ಅವನನ್ನು ಇಳಿಸಲು ಹೊರಟರು. ದಾರಿಯಲ್ಲಿ ಒಬ್ಬೊಬ್ಬರಾಗಿ ಜಾರಿದವರನ್ನೆಲ್ಲ ಪೀಟ್ ಶೋನಿಂಗ್ ಒಬ್ಬನೇ ಹಗ್ಗದಲ್ಲಿ ತಡೆದು ನಿಲ್ಲಿಸಿದ. ಗಿಲ್ಕಿ ಉಳಿಯಲಿಲ್ಲ, ಕೆ2 ದಕ್ಕಲಿಲ್ಲ. ಆದರೂ ಪರ್ವತಾರೋಹಿಗಳು ಇಂದಿಗೂ ಆ ಸೋಲಿಗೆ ಕೈಮುಗಿಯುತ್ತಾರೆ.

ಹೀಗೆ ಪಳಗಿದವರಿಗೆ ಸೇವೆ ಬೇರೆ ಪಾಠವಾಗಿ ಬರಲಿಲ್ಲ. 1962ರಲ್ಲಿ ಹ್ಯೂಸ್ಟನ್ ಅಮೆರಿಕದ ಪೀಸ್ ಕೋರ್ ಸೇವಾಸಂಸ್ಥೆಯ ಸ್ವಯಂಸೇವಕರ ಮುಖ್ಯಸ್ಥನಾಗಿ ಭಾರತಕ್ಕೆ ಬಂದ, ಬೇಟ್ಸ್ ಅದೇ ಕೆಲಸಕ್ಕೆ ನೇಪಾಳಕ್ಕೆ ಹೋದ. ಆ ಸುಮಾರಿಗೇ ಹಾರ್ವರ್ಡ್ ಸಂಘದವರು ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಒಂದು ಮರದ ಮನೆ ಕಟ್ಟಿದರು. 1934ರಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾದ ಬೆಟ್ಟ ಅದು. ಚಳಿಗಾಲದಲ್ಲಿ ಸಂಘದವರಿಗಷ್ಟೇ ಅಲ್ಲ, ಹೊರಗಿನ ಚಾರಣಿಗರಿಗೂ ಅಲ್ಲಿ ತಂಗಲು ಜಾಗವಿದೆ.

ಶಿಖರದ ಆಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಈ ವಯಸ್ಸಿನಲ್ಲಿ ಆಸೆಪಡದಿದ್ದರೆ ಇನ್ಯಾವಾಗ? ಆದರೆ ಹಗ್ಗದ ಗಂಟು ಕಲಿಯುವಾಗಲೇ ಪ್ರಥಮ ಚಿಕಿತ್ಸೆಯನ್ನೂ ಕಲಿಯಿರಿ. ಸಾಮಾನು ಹೊತ್ತವರ ಕೂಲಿಯನ್ನು ಚೌಕಾಸಿ ಮಾಡದೆ ಅಂದೇ ಕೊಡಿ. ನೀವು ಒಯ್ದ ಪ್ಲಾಸ್ಟಿಕ್ ನಿಮ್ಮ ಚೀಲದಲ್ಲೇ ವಾಪಸು ಬರಲಿ. ಜೊತೆಗಾರ ಸುಸ್ತಾದರೆ ಇಳಿಯೋಣ ಎನ್ನುವ ಮೊದಲ ಬಾಯಿ ನಿಮ್ಮದಾಗಿರಲಿ. ವರ್ಷದ ಕೊನೆಗೆ ಸಂಘದ ವರದಿ ಬರೆಯುವಾಗ, ಏರಿದವರ ಹೆಸರಿಗಿಂತ ಮೊದಲು ಅವರಿಗಾಗಿ ಕೆಳಗೆ ನಿಂತವರ ಹೆಸರು ಬರೆಯಿರಿ. ಮುಂದಿನ ವರ್ಷ ಸೇರುವ ಹುಡುಗರು ಸಂಘದ ರೀತಿ ಏನೆಂದು ಕಲಿಯುವುದು ಆ ಪುಟದಿಂದಲೇ.