ಕಬ್ಬಿನ ಬಿಲ್ಲು, ಹಾಲಿನ ಬಿಲ್ಲು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಒಕ್ಕಲುತನದ ಮನೆಗಳಲ್ಲಿ ಎರಡು ಬಗೆಯ ಗಳಿಕೆ ಇರುತ್ತದೆ. ಒಂದು ಕಬ್ಬಿನದು, ಇನ್ನೊಂದು ಎಮ್ಮೆಯದು. ಕಬ್ಬು ನೆಟ್ಟ ಮೇಲೆ ವರ್ಷವೋ ಒಂದೂವರೆ ವರ್ಷವೋ ಕಾಯಬೇಕು. ಕಡಿಯುವ ಗ್ಯಾಂಗು ಬರಬೇಕು, ಕಾರ್ಖಾನೆ ನುರಿಸಬೇಕು, ಆಮೇಲೆ ಬಿಲ್ಲು. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಆ ಹಣವನ್ನು ನಂಬಿ ಯಾರೂ ತಿಂಗಳ ಕಿರಾಣಿ ತರುವುದಿಲ್ಲ. ಸಂತೆ, ಮಕ್ಕಳ ಬಸ್ ಪಾಸು, ಔಷಧ ಎಲ್ಲ ಸಾಗುವುದು ಡೇರಿಗೆ ಹಾಕಿದ ಹಾಲಿನ ಹಣದಲ್ಲಿ. ಕಾದಂಬರಿ ಬರೆಯಬೇಕೆನ್ನುವವರಿಗೆ ಹಣದ ವಿಷಯದಲ್ಲಿ ನಾನು ಹೇಳುವುದೂ ಇಷ್ಟೇ: ಕಾದಂಬರಿ ಕಬ್ಬಿನಂಥ ಬೆಳೆ, ಅದು ಕೈಗೆ ಬರುವತನಕ ಮನೆ ನಡೆಸುವ ಎಮ್ಮೆ ಬೇರೆ ಬೇಕು, ಆ ಎಮ್ಮೆಯನ್ನು ಬರವಣಿಗೆಯ ವೈರಿ ಎಂದು ತಿಳಿಯಬಾರದು.

ಲೆಕ್ಕ ಹಾಕಿ ನೋಡೋಣ. ಪುಸ್ತಕದ ಬೆಲೆ 300 ರೂಪಾಯಿ, ಗೌರವಧನ ಶೇಕಡಾ 10, ಅಚ್ಚಾದದ್ದು 1,000 ಪ್ರತಿ ಎಂದಿಟ್ಟುಕೊಳ್ಳಿ. ಒಂದೂ ಉಳಿಯದೆ ಮಾರಾಟವಾದರೆ ಲೇಖಕರಿಗೆ ಸಿಗುವುದು 30,000 ರೂಪಾಯಿ. ದಿನಕ್ಕೆ ಎರಡು ತಾಸಿನಂತೆ ವರ್ಷಕ್ಕೆ 300 ದಿನ, ಮೂರು ವರ್ಷ ಬರೆದರೆ 1,800 ತಾಸು. ತಾಸಿಗೆ ಹದಿನೇಳು ರೂಪಾಯಿಯೂ ಬೀಳಲಿಲ್ಲ. ಇದು ಹೊಲದಲ್ಲಿ ಕಳೆ ಕೀಳುವ ಕೂಲಿಗಿಂತ ಕಡಿಮೆ, ಅದೂ ಒಂದೇ ಸಲಕ್ಕೆ ಬರುವ ದುಡ್ಡಲ್ಲ. ಓದುವುದಕ್ಕೆ, ತಿದ್ದುವುದಕ್ಕೆ, ಹರಿದು ಮತ್ತೆ ಬರೆಯುವುದಕ್ಕೆ ಹೋದ ಹೊತ್ತು ಇದರಲ್ಲಿ ಸೇರಿಲ್ಲ. ಬರೆಯಬೇಡಿ ಎಂದು ಹೆದರಿಸಲು ಈ ಲೆಕ್ಕ ಹೇಳುತ್ತಿಲ್ಲ. ಈ ಹಣದ ಮೇಲೆ ಮನೆಬಾಡಿಗೆಯ ಭಾರ ಹೊರಿಸಿದರೆ ಮೊದಲು ಕೆಡುವುದು ಕಾದಂಬರಿಯೇ. ಮುಂದಿನ ಕಂತಿಗಾಗಿ ಅವಸರದಲ್ಲಿ ಮುಗಿಸಿದ ಅಧ್ಯಾಯ ಓದುಗರಿಗೆ ಗೊತ್ತಾಗಿಯೇ ಆಗುತ್ತದೆ.

ನೌಕರಿ ಬರವಣಿಗೆಯನ್ನು ನುಂಗುತ್ತದೆ ಎಂಬ ಮಾತು ಬಹಳ ಹಳೆಯದು. ಹೊತ್ತನ್ನು ನುಂಗುವುದು ನಿಜ. ಆದರೆ ಈ ಸೀಮೆಯ ಇಬ್ಬರನ್ನು ನೋಡಿ. ಈಗಿನ ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಶಾಲೆಯ ಮಾಸ್ತರರು. ‘ನಿಸರ್ಗ’ ಕಾದಂಬರಿಯಲ್ಲಿ ಈ ಗಡಿಭಾಗದ ಬದುಕು ಇಲ್ಲಿಯ ಆಡುಮಾತಿನಲ್ಲೇ ಬಂದಿದೆ. ಹಳ್ಳಿಯ ಮಾತಿನ ನಡುವೆ ಹಗಲೆಲ್ಲ ಇದ್ದವರಿಗೆ ಅದು ದಕ್ಕಿತು, ಪಗಾರ ಅದಕ್ಕೆ ಅಡ್ಡಬರಲಿಲ್ಲ. ಇನ್ನೊಬ್ಬರು ನಿಪ್ಪಾಣಿಯ ಮರಾಠಿ ಕಾದಂಬರಿಕಾರ ಮಹಾದೇವ ಮೋರೆ. ಹಿಟ್ಟಿನ ಗಿರಣಿ ನಡೆಸುತ್ತಲೇ ಅವರು ಬರೆದರು. ತಂಬಾಕಿನ ವಖಾರಿಯ ಹೆಂಗಸರು, ಗ್ಯಾರೇಜಿನ ಹುಡುಗರು ಅವರ ಕಥೆಗಳಲ್ಲಿ ಬರುತ್ತಾರೆ. ಗಿರಣಿ ಎಂದರೆ ಊರಿನ ಎಲ್ಲ ಮನೆಯ ಜೋಳ ಒಂದಲ್ಲ ಒಂದು ದಿನ ಬಂದು ಸೇರುವ ಜಾಗ. ಡಬ್ಬಿ ಇಟ್ಟುಕೊಂಡು ಪಾಳಿಗೆ ನಿಂತವರು ಆಡುವ ಮಾತು ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಎಮ್ಮೆಯ ಹಾಲು ಮನೆಗಾದರೆ ಸಗಣಿ ಕಬ್ಬಿನ ಹೊಲಕ್ಕೆ ಗೊಬ್ಬರ. ಇವರಿಬ್ಬರ ಕಸುಬು ಬರವಣಿಗೆಗೆ ಆದದ್ದೂ ಹಾಗೆಯೇ.

ಹಾಗಾದರೆ ಅ.ನ. ಕೃಷ್ಣರಾಯರು ಬರವಣಿಗೆಯನ್ನೇ ನೆಚ್ಚಿ ಬದುಕಲಿಲ್ಲವೇ ಎಂದು ಕೇಳಬಹುದು. ಬದುಕಿದರು, ನೂರಕ್ಕೂ ಮಿಕ್ಕಿ ಕಾದಂಬರಿ ಬರೆದು ಬದುಕಿದರು. ಸಂಜೆಯ ಹೊತ್ತಿಗೆ ಕಾದಂಬರಿಯ ಎದುರಿಗೆ ಟೀವಿ, ಮೊಬೈಲು ಇಲ್ಲದ ಕಾಲ ಅದು. ಪೂರ್ಣಚಂದ್ರ ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟವಿತ್ತು, ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಇನ್ನು ಪ್ರಶಸ್ತಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರೂ ವಕೀಲಿ ವೃತ್ತಿಯವರೇ. ಆ 50,000 ಪೌಂಡು ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸೇರಿ ಬಂದದ್ದು. ಪ್ರಶಸ್ತಿ ಬಂದರೆ ಸಂತೋಷ, ಆದರೆ ಅದನ್ನು ಆಯವ್ಯಯದಲ್ಲಿ ಹಿಡಿಯಬಾರದು.

ಲೇಖಕರು ಹಣದಿಂದ ಕೊಳ್ಳಬೇಕಾದ ಮುಖ್ಯ ವಸ್ತು ಹೊತ್ತು. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ 1834ರಿಂದ 1867ರವರೆಗೆ ಅಂಚೆ ಇಲಾಖೆಯಲ್ಲಿದ್ದರು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂತು ಬರೆದು ಆಮೇಲೆ ನೌಕರಿಗೆ ಹೋಗುತ್ತಿದ್ದರು. ತಮ್ಮನ್ನು ಎಬ್ಬಿಸುವ ಮುದುಕ ಸೇವಕನಿಗೆ ಆ ಕೆಲಸಕ್ಕೆಂದೇ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಟ್ಟರು. ನಮ್ಮ ಮನೆಗಳಲ್ಲಿ ಆ ಐದು ಪೌಂಡು ಯಾರ ಲೆಕ್ಕದಲ್ಲೂ ಇಲ್ಲ. ಗಂಡಸು ಬರೆಯಲು ಕೂತ ಎರಡು ತಾಸಿನಲ್ಲಿ ಒಲೆ, ನೀರು, ಮಗುವಿನ ಜ್ವರ, ಬಂದ ನೆಂಟರು ಎಲ್ಲವನ್ನೂ ಹೆಂಡತಿ ನೋಡಿಕೊಳ್ಳುತ್ತಾಳೆ. ಬರೆಯುವವಳು ಹೆಂಗಸಾದರೆ ಆ ಎರಡು ತಾಸು ಕೊಡುವವರು ಯಾರು? ಇದನ್ನು ಪ್ರೀತಿಯ ಮೇಲೆ ಬಿಟ್ಟುಬಿಡುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕದಿಂದ ಬರುವ ದುಡ್ಡು ಸಣ್ಣದೇ ಇರಲಿ, ಅದರ ಮೊದಲ ಖರ್ಚು ಮನೆಗೆಲಸಕ್ಕೆ ಬರುವವರ ಸಂಬಳವಾಗಲಿ. ಎರಡನೆಯದು ಓದು. ಪುಸ್ತಕ ಕೊಳ್ಳುವ ದುಡ್ಡನ್ನು ತಿಂಗಳ ಮೊದಲಲ್ಲೇ ಎತ್ತಿಡಬೇಕು. ಕೊನೆಗೆ ಉಳಿದದ್ದರಲ್ಲಿ ತರುತ್ತೇನೆಂದರೆ ಉಳಿಯುವುದಿಲ್ಲ. ಮಿಕ್ಕದ್ದಕ್ಕೆ ತಾಲ್ಲೂಕಿನ ಗ್ರಂಥಾಲಯವಿದೆ, ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುವವರು ನಾವೇ.

ಕಬ್ಬಿನವರು ತೂಕದ ಚೀಟಿ ಇಲ್ಲದೆ ಗಾಡಿ ಖಾಲಿ ಮಾಡುವುದಿಲ್ಲ. ಲೇಖಕರು ಮಾತ್ರ ಕರಾರೇ ಇಲ್ಲದೆ ಹಸ್ತಪ್ರತಿ ಕೊಟ್ಟುಬಿಡುತ್ತಾರೆ, ಸಂಕೋಚ ಅನ್ನುತ್ತಾರೆ. ದಯವಿಟ್ಟು ಆ ಸಂಕೋಚ ಬಿಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಹಕ್ಕನ್ನು ಬರಹದ ಮೂಲಕವೇ ವಹಿಸಿಕೊಡಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಕಾನೂನು ತಿಳಿಯುತ್ತದೆ. ಎಷ್ಟು ಪ್ರತಿ, ಶೇಕಡಾ ಎಷ್ಟು, ಲೆಕ್ಕ ಯಾವ ತಿಂಗಳು, ಅನುವಾದದ ಹಕ್ಕು ಯಾರದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ಸಹಿ ಮಾಡಿಸಿ, ಪ್ರತಿ ಇಟ್ಟುಕೊಳ್ಳಿ. ಈ ಹಾಳೆ ನಿಮ್ಮ ಕಾಲಕ್ಕೆ ಮುಗಿಯುವಂಥದ್ದಲ್ಲ. ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಮಿರ್ಜಿ ಅಣ್ಣಾರಾಯರು ತೀರಿಕೊಂಡದ್ದು 1975ರಲ್ಲಿ. ಅವರ ಕಾದಂಬರಿಗಳ ಹಕ್ಕುಸ್ವಾಮ್ಯ 2035ರ ಕೊನೆಯವರೆಗೆ ಇದೆ.