‘ನಿದ್ದೆ ಮಾಡ್ಲಿ ಬಿಡಿ’ ಎಂದವರಿಗೆ

ಡಿಸ್ಚಾರ್ಜ್ ಚೀಟಿಯಲ್ಲಿ ಬಿ.ಪಿ. ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆ, ಮತ್ತೆ ಬರಬೇಕಾದ ತಾರೀಖು ಎಲ್ಲ ಇತ್ತು. ಆಗಾಗ ಮಗ್ಗುಲು ಬದಲಿಸಿ ಅಂತ ಒಂದು ಸಾಲು ಇರಲಿಲ್ಲ. ಲಕ್ವ ಹೊಡೆದು ಬಲಭಾಗವೂ ಮಾತೂ ಹೋಗಿದ್ದ, ಮೊದಲೇ ಸಕ್ಕರೆ ಕಾಯಿಲೆಯಿದ್ದ ಅತ್ತೆಯನ್ನು ಹಾಗೇ ಮನೆಗೆ ಕಳಿಸಿದರು. ಆ ಡಾಕ್ಟರ ಮೇಲೆ ನನಗಿನ್ನೂ ಸಿಟ್ಟಿದೆ.

ಸೊಂಟದ ಕೆಳಗೆ ಮೂಳೆ ಒತ್ತುವ ಜಾಗ ಕೆಂಪಾಗಿದ್ದನ್ನು ಮೊದಲು ನೋಡಿದ್ದು ನಾನು. ನಾದಿನಿ ಎಣ್ಣೆ ಹಚ್ಚಿ ತಿಕ್ಕಿದರು, ಪೌಡರ್ ಹಾಕಿದರು, ಗಾಳಿ ತುಂಬುವ ರಬ್ಬರ್ ರಿಂಗ್ ತರಿಸಿದರು. ರಾತ್ರಿ ನಾನು ತಿರುಗಿಸಲು ಹೋದರೆ, “ನಿದ್ದೆ ಮಾಡ್ಲಿ ಬಿಡಿ ಅತ್ತಿಗೆ, ಅಮ್ಮಂಗೆ ನೋವಾಗತ್ತೆ.” ತಾಯಿ ಮೇಲಿನ ಪ್ರೀತಿ, ಇಲ್ಲ ಅನ್ನುವುದಿಲ್ಲ. ಮಾಡಿದ್ದೆಲ್ಲ ಉಲ್ಟಾ. ಕೆಂಪಾದ ಜಾಗವನ್ನು ತಿಕ್ಕಬಾರದು. ರಿಂಗ್ ತನ್ನ ಅಂಚಿನಲ್ಲೇ ಒತ್ತಿ ರಕ್ತ ತಡೆಯುತ್ತದೆ.

ಆಮೇಲೆ ಅಲ್ಲಿ ಕಪ್ಪು ಹಕ್ಕಳೆ ಕಟ್ಟಿತು. ಸರ್ಜನ್ ಅದನ್ನು ಕತ್ತರಿಸಿ ತೆಗೆದಾಗ ಬಂದ ವಾಸನೆಗೆ ನನ್ನ ಗಂಡ ಹೊರಗೆ ಹೋದರು. ನಾನು ನಿಂತೆ. ಮೇಲೆ ರೂಪಾಯಿ ಅಗಲ ಕಂಡಿದ್ದರ ಕೆಳಗೆ ಮುಷ್ಟಿಯಷ್ಟು ಪೊಳ್ಳು. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಒಳಗೆ ಸೇರಿಸುತ್ತಲೇ ಇದ್ದರು, ಅದು ಹೋಗುತ್ತಲೇ ಇತ್ತು. ತಳದಲ್ಲಿ ಬೆಳ್ಳಗೆ ಕಂಡಿದ್ದು ಮೂಳೆ. ಕೂಗಲಾರದ ಅತ್ತೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು; ಬಳೆ ಒಡೆದು ಚರ್ಮಕ್ಕೆ ಚುಚ್ಚಿತು, ಆಗ ಗೊತ್ತಾಗಲಿಲ್ಲ. “ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹೋಗಲ್ಲಮ್ಮ. ಚರ್ಮಕ್ಕಿಂತ ಮೊದಲು ಒಳಗಿನದೇ ಸಾಯುತ್ತೆ,” ಎಂದರು ಸರ್ಜನ್.

ಅವರಿಂದ ಕಲಿತಿದ್ದು ಇಷ್ಟು. ಕೆಂಪು ಕಂಡಲ್ಲಿ ಬೆರಳೊತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಇದು ಕಾಣದು, ಬಿಸಿಯೋ ಗಟ್ಟಿಯೋ ಅಂತ ಮುಟ್ಟಿ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಪೂರ್ತಿ ಪಕ್ಕಕ್ಕಲ್ಲ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೂ ದಿಂಬಿಡಿ, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮೇಲಕ್ಕೆ ಸರಿಸುವಾಗ ಎಳೆಯಬೇಡಿ, ಇಬ್ಬರು ಸೇರಿ ಬೆಡ್‌ಶೀಟ್ ಹಿಡಿದು ಎತ್ತಿ. ಒದ್ದೆ ಡೈಪರ್ ತಕ್ಷಣ ತೆಗೆಯಿರಿ. ಏರ್‌ಬೆಡ್ ಒಳ್ಳೆಯದೇ, ಆದರೆ ಅದಿದೆ ಅಂತ ಮಗ್ಗುಲು ಬದಲಿಸುವುದನ್ನು ಬಿಡಬೇಡಿ. ಕರೆಂಟ್ ಹೋದರೆ ಅದರ ಪಂಪೂ ನಿಲ್ಲುತ್ತದೆ. ಗಾಯಕ್ಕೆ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಹೊಸ ಮಾಂಸ ಸುಡುತ್ತದೆ. ಸಕ್ಕರೆ ಹತೋಟಿಯಲ್ಲಿರಬೇಕು, ಪ್ರೋಟೀನ್ ಸೇರಬೇಕು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ತೊವ್ವೆ, ಪನೀರು, ಮೊಸರು ಅಂತ ದಿನಾ ಹೆಣಗಿದೆ.

ಗಾಯ ತಿಂಗಳುಗಟ್ಟಲೆ ಹಿಡಿದು ಮಾಯಿತು. ಒಮ್ಮೆ ಹೀಗೆ ಮಾದ ಚರ್ಮ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ, ಹಾಗಾಗಿ ರಾತ್ರಿಯ ಅಲಾರಂ ಈಗಲೂ ನಿಂತಿಲ್ಲ. ನಾದಿನಿ ಬಂದಾಗ ಆ ಪಾಳಿ ಅವರದೇ.